ಡ್ರಾಯಿಂಗ್ ಪೀರಿಯಡ್‌ನಲ್ಲಿ ಕಲಿತದ್ದು

ನಮ್ಮ ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡ ಸುದ್ದಿ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಎಂಟನೇ ಕ್ಲಾಸಿನಲ್ಲಿ ಏನೇನು ಪಾಠ ಇತ್ತು ಅಂತ ಯಾರಾದರೂ ಕೇಳಿದರೆ ನನಗೆ ಒಂದೂ ನೆನಪಿಲ್ಲ. ಮೇಷ್ಟ್ರ ತೋರುಬೆರಳಿನ ಉಗುರು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಅದರ ಅಂಚಿನಲ್ಲಿ ಯಾವಾಗಲೂ ನೀಲಿ ಬಣ್ಣ ಕೂತಿರುತ್ತಿತ್ತು. ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು ಅವರು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ನಮ್ಮನ್ನೆಲ್ಲ ಕೂರಿಸುತ್ತಿದ್ದರು. ಆದರೆ ಅವರ ಮೊದಲ ಪ್ರಶ್ನೆ ಬೇರೆಯೇ. "ಇದನ್ನ ಯಾರು ನೋಡ್ತಾರೆ? ಅವರಿಗೆ ಓದೋಕೆ ಬರುತ್ತಾ?"

ಒಂದು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಾವು ಕೆಲವರು ಉಳಿದುಕೊಂಡೆವು. ಸ್ಕೂಲ್ ಡೇ ಸ್ಟೇಜಿಗೆ ತಂದ ಪೇಂಟ್ ಮಿಕ್ಕಿತ್ತು. ನೀರಿನ ತೊಟ್ಟಿಯ ಗೋಡೆ ಮೇಲೆ ಪಿ.ಟಿ. ಮೇಷ್ಟ್ರನ್ನು ಬಿಡಿಸಿದೆವು. ಬಾಯಲ್ಲಿ ಸೀಟಿ, ಕಿವಿತನಕ ಮೀಸೆ. ಸೋಮವಾರ ಒಂದನೇ ಕ್ಲಾಸಿನ ಮಕ್ಕಳೂ ಗುರುತು ಹಿಡಿದರು. ಪಿ.ಟಿ. ಮೇಷ್ಟ್ರು ಬೆತ್ತ ಹಿಡಿದು ಬಂದರು. ಡ್ರಾಯಿಂಗ್ ಮೇಷ್ಟ್ರು ಗೋಡೆ ಮುಂದೆ ನಿಂತು ನೋಡಿ, "ಮೂಗು ಚೆನ್ನಾಗಿ ಬಂದಿದೆ. ಕಿವಿ ಸ್ವಲ್ಪ ಕೆಳಗಿರಬೇಕಿತ್ತು" ಅಂದರು. ಆಮೇಲೆ ನಮ್ಮ ಕಡೆ ತಿರುಗಿ, "ಗೋಡೆ ಬೇಕೇನ್ರೋ ನಿಮಗೆ? ಕೊಡಿಸ್ತೀನಿ ಬನ್ನಿ" ಅಂತ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರನ್ನು ಮೊದಲೇ ಕೇಳಿ ಒಪ್ಪಿಸಿದ್ದರು.

ಅಲ್ಲಿ ಬ್ರಷ್ ಮುಟ್ಟಲು ಬಿಡಲಿಲ್ಲ. "ಸುಮ್ನೆ ಕೂತು ನೋಡಿ" ಅಂದರು. ಬೆಂಚಿನ ಮೇಲೆ ಕೂತು ನೋಡಿದೆವು. ಒಬ್ಬ ಅಜ್ಜಿ ಚೀಟಿ ಹಿಡಿದು ಒಂದೊಂದೇ ಬಾಗಿಲು ಬಗ್ಗಿ ನೋಡುತ್ತಿದ್ದರು. ಬಾಗಿಲ ಮೇಲೆ ಬೋರ್ಡು ಇತ್ತು, ಅವರಿಗೆ ಓದಲು ಬರುತ್ತಿರಲಿಲ್ಲ. ಔಷಧಿ ಕೊಡುವ ಕಿಟಕಿಯಲ್ಲಿ ಕಾಂಪೌಂಡರ್ "ಇದು ಬೆಳಿಗ್ಗೆ, ಇದು ರಾತ್ರಿ" ಅಂತ ಹೇಳಿ ಹೇಳಿ ಸೋತಿದ್ದರು. ಕೆಂಪು ಗಾರೆ ನೆಲದ ಮೇಲೆ ಹಳದಿ ಎದ್ದು ಕಾಣುತ್ತೆ ಅಂತ ಮೇಷ್ಟ್ರು ಲೆಕ್ಕ ಹಾಕಿದರು. ಬಾಗಿಲಿನಿಂದ ಔಷಧಿ ಕಿಟಕಿಗೆ ಹಳದಿ ಗೆರೆ, ಇಂಜೆಕ್ಷನ್ ರೂಮಿಗೆ ಬಿಳಿ ಗೆರೆ ಎಳೆದೆವು. "ಹಳದಿ ಗೆರೆ ಹಿಡ್ಕೊಂಡು ಹೋಗಮ್ಮ" ಅಂದರೆ ಸಾಕಾಯಿತು. ಮಾತ್ರೆ ಕವರಿಗೆ ರಬ್ಬರಿನಲ್ಲಿ ಮೂರು ಅಚ್ಚು ಕೆತ್ತಿದೆವು. ಗುಡ್ಡದ ಹಿಂದೆ ಏಳುವ ಸೂರ್ಯ, ನೆತ್ತಿ ಮೇಲಿನ ಸೂರ್ಯ, ಚಂದ್ರ. ಚಂದ್ರನ ಅಚ್ಚು ನನ್ನ ಕೈಕೆಲಸ. ಎಲ್ಲಕ್ಕಿಂತ ಚೊಕ್ಕಟವಾಗಿ ಬಂದಿದ್ದು ಅದೇ ಅಂತ ಕಾಂಪೌಂಡರೇ ಹೇಳಿದರು.

ಜೈಪುರ ಕಾಲು ಅನ್ನುವ ಕೃತಕ ಕಾಲಿನ ಕಥೆ ನಾನು ಮೊದಲು ಕೇಳಿದ್ದು ಆ ಬೆಂಚಿನ ಮೇಲೆಯೇ. ರಾಮಚಂದ್ರ ಶರ್ಮ ಅನ್ನುವ ಕುಶಲಕರ್ಮಿ ಜೈಪುರದ ಆಸ್ಪತ್ರೆಯಲ್ಲಿ ಕುಷ್ಠ ರೋಗಿಗಳಿಗೆ ಕರಕುಶಲ ಕೆಲಸ ಕಲಿಸುತ್ತಿದ್ದರಂತೆ. ಹೊರದೇಶದ ಕೃತಕ ಕಾಲು ಹಾಕಿಕೊಂಡವರಿಗೆ ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಅದಕ್ಕೆ ಶೂ ಬೇರೆ ಬೇಕಿತ್ತು. ನಮ್ಮ ರೈತ ಗದ್ದೆಗೆ ಶೂ ಹಾಕಿಕೊಂಡು ಹೋಗುತ್ತಾನಾ? ಶರ್ಮರು ಅದನ್ನು ಕಣ್ಣಾರೆ ಕಂಡು, ಡಾ. ಪಿ.ಕೆ. ಸೇಠಿ ಅವರ ಜೊತೆ ಸೇರಿ, 1960ರ ದಶಕದ ಕೊನೆಯಲ್ಲಿ ರಬ್ಬರಿನ ಪಾದ ಮಾಡಿದರು. ಬರಿಗಾಲಿನಂತೆಯೇ ಕಾಣುವ ಪಾದ. "ಡಾಕ್ಟರ ಪಕ್ಕದಲ್ಲಿ ಒಬ್ಬ ಕೈಕೆಲಸದವನೂ ಇರಬೇಕು ಕಣ್ರೋ" ಅಂದಿದ್ದರು ಮೇಷ್ಟ್ರು.

ಇನ್ನೊಂದು ವಿಷಯ ಬರೆಯಲೇಬೇಕು. ನಮ್ಮ ಕ್ಲಾಸಿನ ಒಬ್ಬ ಹುಡುಗ ಅಪ್ಪ ಹೋದ ಮೇಲೆ ಮಾತೇ ಬಿಟ್ಟಿದ್ದ. ಬೇರೆ ಮೇಷ್ಟ್ರೆಲ್ಲ ಬುದ್ಧಿ ಹೇಳಿದರು. ಇವರು ಮಾತ್ರ ಬಣ್ಣ ಕಲಸುವ ಕೆಲಸ ಕೊಟ್ಟರು. "ಅವನನ್ನ ಏನೂ ಕೇಳಬೇಡಿ" ಅಂತ ನಮಗೆ ಹೇಳಿದ್ದರು. ಅವನು ಪುಟದ ತುಂಬ ತೆಂಗಿನಮರ ಬಿಡಿಸುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವನೇ ನನ್ನ ಹತ್ತಿರ ಹಸಿರು ಕೇಳಿದ.

ಬಹಳ ವರ್ಷಗಳ ಮೇಲೆ ಗಿರಿಜಾ ಕೈಮಲ್ ಅವರ ಸಂಶೋಧನೆ ಓದಿದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಅವರ ತಂಡ 39 ಜನರಿಗೆ 45 ನಿಮಿಷ ಬಣ್ಣ, ಜೇಡಿಮಣ್ಣು ಕೊಟ್ಟು ಕೂರಿಸಿತು. ಮೊದಲು ಮತ್ತು ಆಮೇಲೆ ಎಂಜಲಿನಲ್ಲಿ ಕಾರ್ಟಿಸಾಲ್ ಅಳೆಯಿತು. ಒತ್ತಡ ಹೆಚ್ಚಿದಾಗ ಮೈಯಲ್ಲಿ ಏರುವ ಹಾರ್ಮೋನು ಅದು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಚಿತ್ರ ಬಿಡಿಸಿ ಅಭ್ಯಾಸ ಇದ್ದವರು, ಇಲ್ಲದವರು ಅನ್ನುವ ಭೇದ ಇರಲಿಲ್ಲ. 2016ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನ, ನಿಜ. ಆದರೆ 45 ನಿಮಿಷ ಅಂದರೆ ನಮ್ಮ ಒಂದು ಪೀರಿಯಡ್ ಅಲ್ವಾ!

ಈಗ ನಾನು ಬೆಂಗಳೂರಿನಲ್ಲಿ ಆಸ್ಪತ್ರೆಗಳಿಗೆ ದಾರಿ ತೋರಿಸುವ ಫಲಕಗಳನ್ನು ವಿನ್ಯಾಸ ಮಾಡುತ್ತೇನೆ. ದೊಡ್ಡ ದೊಡ್ಡ ಡಾಕ್ಟರುಗಳು ನನ್ನ ಮಾತು ಕೇಳಿ ಕೌಂಟರಿನ ಜಾಗ ಬದಲಾಯಿಸಿದ್ದಾರೆ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ ಇದೆ. ಹೊಸಬರು ಕಂಪ್ಯೂಟರಿನಲ್ಲಿ ಬಾಣದ ಗುರುತು ಚೆನ್ನಾಗಿ ಮಾಡುತ್ತಾರೆ, ಆದರೆ ಓಪಿಡಿಯಲ್ಲಿ ಅರ್ಧ ದಿನ ಕೂರುವ ತಾಳ್ಮೆ ಇಲ್ಲ. ನಾನು ಅವರನ್ನು ಮೊದಲು ಕೂರಿಸುತ್ತೇನೆ.

ಹೋದ ಸಲ ಊರಿಗೆ ಬಂದಾಗ ಶಾಲೆಗೆ ಹೋಗಿದ್ದೆ. ಮೇಷ್ಟ್ರು ನಿವೃತ್ತರಾದ ಮೇಲೆ ಆ ಹುದ್ದೆಗೆ ಯಾರೂ ಬಂದಿಲ್ಲ. ಡ್ರಾಯಿಂಗ್ ಪೀರಿಯಡ್ ಗಣಿತಕ್ಕೆ ಹೋಗಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಚಿಂತೆ ನನಗೂ ಅರ್ಥವಾಗುತ್ತೆ. ಆದರೆ ಹತ್ತನೇ ಕ್ಲಾಸಿನ ಮಕ್ಕಳ ಮುಖ ನೋಡಿದಾಗ ಬೇಜಾರಾಯಿತು. ಆ ವಯಸ್ಸಿಗೆ ಅಷ್ಟು ಸುಸ್ತು ಇರಬಾರದು.

ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ವಾರಕ್ಕೊಂದು ಪೀರಿಯಡ್ ಮತ್ತೆ ಬಿಟ್ಟುಕೊಡಿ. ಬಣ್ಣ, ಕಾಗದದ ಖರ್ಚು ನಮ್ಮ ಬ್ಯಾಚಿನವರದ್ದು. ತಿಂಗಳಿಗೊಂದು ಶನಿವಾರ ನಾನೇ ಬಂದು ಪಾಠ ಮಾಡುತ್ತೇನೆ. ಆಸ್ಪತ್ರೆಗೆ ಹೊಸ ಕಟ್ಟಡ ಬಂದಿದೆಯಂತೆ. ಮಕ್ಕಳನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗೋಣ ಅಂತಿದ್ದೇನೆ.