ಯಾರಿಗೆ ಹುಷಾರಿಲ್ಲದ್ದು?

ಐವತ್ತು ದಾಟಿದ ಗಂಡ ಹೆಂಡತಿ ಕುಂಬಳೆಯಲ್ಲಿ ಮಂಗಳೂರು ಬಸ್ಸು ಹತ್ತಿದ್ದಾರೆ, ಮೈಮೇಲೆ ಮದುವೆ ಮನೆಯ ಸೀರೆ ಇಲ್ಲ, ಕೈಯಲ್ಲೊಂದು ಚೀಲ ಉಂಟು ಅಂದ್ರೆ ಅವರು ಆಸ್ಪತ್ರೆಗೇ ಹೋಗುವುದು. ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮೊನ್ನೆ ನನ್ನ ಪಕ್ಕ ಕೂತ ಹೆಂಗಸು ಕೇಳಿಯೇ ಬಿಟ್ಟರು.

"ಯಾರಿಗೆ ಹುಷಾರಿಲ್ಲದ್ದು?"

"ಇಬ್ಬರೂ ಹುಷಾರಿದ್ದೇವೆ ಅಕ್ಕ. ಮಂಜೇಶ್ವರಕ್ಕೆ ಹೋಗುದು, ಹಾರ್ಬರಿಗೆ."

"ಹಾರ್ಬರಲ್ಲಿ ಎಂತ ಉಂಟು?"

"ಎಂತ ಇಲ್ಲ. ಸುಮ್ನೆ."

ಅವರು ನನ್ನನ್ನು ನೋಡಿದರು. ಆಮೇಲೆ ಆಚೆ ಸೀಟಿನಲ್ಲಿದ್ದ ನನ್ನ ಯಜಮಾನರನ್ನು ನೋಡಿದರು. ಇವರೋ, ಬಸ್ಸು ಹೊರಟ ಕೂಡಲೇ ತಲೆ ಕಿಟಕಿಗೆ ಒರಗಿಸಿ, ಬಾಯಿ ತೆರೆದು ನಿದ್ದೆ. ನೋಡಿದರೆ ಯಾರಿಗೂ ಅಯ್ಯೋ ಅನಿಸಬೇಕು. ಹೆಂಗಸು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು, "ಹೇಳ್ಲಿಕ್ಕೆ ಮನಸ್ಸಿಲ್ಲದಿದ್ರೆ ಬೇಡ. ಎಲ್ಲ ಸರಿ ಆಗ್ತದೆ."

ನನಗೆ ಮೊದಲು ಸಿಟ್ಟೇ ಬಂತು. ಬೇರೆಯವರ ಕಾಯಿಲೆ ಹುಡುಕುವುದರಲ್ಲಿ ನಮ್ಮವರಿಗೆ ಇರುವ ಉತ್ಸಾಹ ಬೇರೆ ಯಾವುದರಲ್ಲೂ ಇಲ್ಲ. ಆಮೇಲೆ ಅವರ ಮಡಿಲು ನೋಡಿದೆ. ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಮೂಲೆ ಮಡಚಿಹೋದ ಫೈಲು, ಸ್ಕ್ಯಾನಿನ ಕಪ್ಪು ಹಾಳೆ. ಚೀಲದ ಬಾಯಿಯನ್ನು ಎರಡು ಸುತ್ತು ಸುತ್ತಿ ಮುಷ್ಟಿಯಲ್ಲಿ ಹಿಡಿದಿದ್ದರು. ಯಾರದು ಅಂತ ನಾನು ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ.

ನಮ್ಮ ಕಾಸರಗೋಡು ಜಿಲ್ಲೆಗೆ ಮೆಡಿಕಲ್ ಕಾಲೇಜು ಅಂತ ಕಲ್ಲು ಹಾಕಿದ್ದು 2013ರಲ್ಲಿ. ಇವತ್ತಿಗೂ ದೊಡ್ಡ ಕಾಯಿಲೆ ಅಂದ್ರೆ ನಮ್ಮ ಕಾಲು ಮಂಗಳೂರಿನ ಕಡೆಗೇ ತಿರುಗುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದ್ದು, ಒಳದಾರಿಗಳಿಗೆ ಮಣ್ಣು ಸುರಿದದ್ದು, ಆಂಬುಲೆನ್ಸುಗಳು ವಾಪಸ್ ಬಂದದ್ದು, ಆ ದಿನಗಳಲ್ಲಿ ಚಿಕಿತ್ಸೆ ಸಿಗದೆ ಜನ ತೀರಿಕೊಂಡದ್ದು, ಯಾವುದನ್ನೂ ಇಲ್ಲಿ ಯಾರೂ ಮರೆತಿಲ್ಲ. ಈಗ ಹೆದ್ದಾರಿ ಆರು ಲೇನ್ ಆಗಿದೆ. ಆದರೂ ಆ ರಸ್ತೆಯಲ್ಲಿ ಉತ್ತರಕ್ಕೆ ಹೋಗುವವರನ್ನು ಕಂಡರೆ ನಮಗೆ ಮೊದಲು ಹೊಳೆಯುವುದು ಅದೇ ಪ್ರಶ್ನೆ.

ಮಂಜೇಶ್ವರದ ಹೊಸಂಗಡಿಯಲ್ಲಿ ನಾವು ಇಳಿಯುವಾಗ ಅವರು ಇನ್ನೊಮ್ಮೆ "ಧೈರ್ಯ ಬಿಡಬೇಡಿ" ಅಂದರು. "ಇಲ್ಲ ಅಕ್ಕ" ಅಂದೆ. ಇನ್ನೇನು ಹೇಳುವುದು?

ಮೊದಲು ಕವಿ ಗೋವಿಂದ ಪೈಗಳ ಮನೆಗೆ ಹೋದೆವು. 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಅಂದದ್ದು, 1956ರಲ್ಲಿ ನಾವು ಕೇರಳಕ್ಕೆ ಸೇರಿದ್ದು, 1963ರಲ್ಲಿ ಪೈಗಳು ಹೋದದ್ದು, ಎಲ್ಲವನ್ನೂ ಇವರು ಅಂಗಳದಲ್ಲೇ ನಿಂತು ಒಪ್ಪಿಸಿದರು. ಇವರ ಅಭ್ಯಾಸವೇ ಅದು. ಅಂಕಿ ಗೊತ್ತಿದ್ದರೆ ಹೇಳದೆ ಇರಲಿಕ್ಕಾಗುವುದಿಲ್ಲ.

ಹಾರ್ಬರಿನಲ್ಲಿ ಒಳ್ಳೆ ಗಲಾಟೆ. ಮಳೆಗಾಲದಲ್ಲಿ ಬೋಟುಗಳು ಮೀನು ಹಿಡಿಯಬಾರದು ಅನ್ನುವ ಟ್ರಾಲಿಂಗ್ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದಿದ್ದವು. ಕರ್ನಾಟಕದ ಕಡೆ 61 ದಿನ, ನಮ್ಮಲ್ಲಿ 52 ದಿನ, ಅದನ್ನೂ ಇವರೇ ಹೇಳಿದರು, ಅದೂ ಬಲೆ ಎಳೆಯುತ್ತಿದ್ದ ಹುಡುಗನಿಗೆ! ಅವನು ನಕ್ಕು ಮಲಯಾಳದಲ್ಲಿ ಏನೋ ಅಂದ. ಐಸು ಕರಗಿದ ನೀರು ಚಪ್ಪಲಿಯೊಳಗೆ ಬರುತ್ತಿತ್ತು. ಬುಟ್ಟಿಯಲ್ಲಿದ್ದ ಬಂಗುಡೆಯ ಬೆನ್ನಿನ ಹಸಿರು ಗೆರೆ ಇನ್ನೂ ಮಾಸಿರಲಿಲ್ಲ, ಒಂದೆರಡು ಬಾಲ ಬಡಿಯುತ್ತಿದ್ದವು. ಏಲಂ ಕೂಗುವವನ ಬಾಯಿಂದ ರೇಟು ಎಷ್ಟು ಬೇಗ ಹೊರಬರುತ್ತಿತ್ತೆಂದರೆ ಯಾರು ಯಾವಾಗ ಒಪ್ಪಿದರು ಅಂತಲೇ ನನಗೆ ತಿಳಿಯಲಿಲ್ಲ.

ಮೀನು ಮಾರುವ ಒಬ್ಬರು ತುಳುವಿನಲ್ಲಿ, ಮನೆಯಲ್ಲಿ ಎಷ್ಟು ಜನ ಅಂತ ಕೇಳಿದರು. ಇಬ್ಬರೇ ಅಂದೆ. ಮತ್ತೆ ಇಷ್ಟು ಯಾರಿಗೆ ಅಂತ ನಾನು ಆರಿಸಿದ್ದರಲ್ಲಿ ಅರ್ಧವನ್ನು ಅವರೇ ವಾಪಸ್ ಬುಟ್ಟಿಗೆ ಹಾಕಿದರು. ಹೀಗೆ ವ್ಯಾಪಾರ ಮಾಡಿದರೆ ಲಾಭ ಎಲ್ಲಿಂದ ಬರಬೇಕು? ಆದರೆ ಇಡೀ ದಿನದಲ್ಲಿ ಎಂತಕ್ಕೆ ಬಂದದ್ದು ಅಂತ ಕೇಳದವರು ಅವರೊಬ್ಬರೇ.

ಬ್ರೇಕ್‌ವಾಟರಿನ ಕಲ್ಲಿನ ಮೇಲೆ ಕೂತು ಒಂದು ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದೆ. ಐದು ನಿಮಿಷದಲ್ಲಿ ಶಾರ್ಜಾದಿಂದ ಮಗನ ಫೋನು. "ಎಂತ ಅಮ್ಮ, ಅಪ್ಪನನ್ನು ಮಂಗಳೂರಿಗೆ ಕರ್ಕೊಂಡು ಹೋದದ್ದಾ? ನನ್ನ ಹತ್ರ ಯಾಕೆ ಹೇಳ್ಲಿಲ್ಲ?" ಇದೇ ಮಗ ಕಳೆದ ವರ್ಷ ಹೆಂಡತಿ ಜತೆ ಗೋವಾಕ್ಕೆ ಹೋಗಿದ್ದ. ಆಗ ಯಾರೂ ಅವನ ಶುಗರ್ ಎಷ್ಟು ಅಂತ ಕೇಳಲಿಲ್ಲ.

ಯೋಚಿಸಿದರೆ, ತಪ್ಪು ಆ ಹೆಂಗಸಿನದ್ದಲ್ಲ, ಮಗನದ್ದೂ ಅಲ್ಲ. ನಾವಿಬ್ಬರೂ ಒಟ್ಟಿಗೆ ಹೊರಗೆ ಹೋದದ್ದೆಲ್ಲ ಯಾವುದಾದರೂ ಕೆಲಸಕ್ಕೇ. ಮಧೂರಿಗೆ ಹರಕೆ, ಕಾಸರಗೋಡಿಗೆ ರೇಶನ್ ಕಾರ್ಡು, ಮಂಗಳೂರಿಗೆ ಅತ್ತೆಯ ಆಪರೇಷನ್, ಮತ್ತೆ ಮದುವೆಗಳು. ಮದುವೆಯಲ್ಲೂ ಇವರು ಗಂಡಸರ ಕಡೆ, ನಾನು ಹೆಂಗಸರ ಕಡೆ. ಊಟದ ಹೊತ್ತಿಗೆ ಹುಡುಕಬೇಕು. ಮಕ್ಕಳು ಇರುವಾಗ ಮಕ್ಕಳ ಹೆಸರು ಹೇಳಿ ಬೇಕಲ ಕೋಟೆಗಾದರೂ ಹೋಗುತ್ತಿದ್ದೆವು. ಅವರು ಗಲ್ಫಿಗೆ, ಬೆಂಗಳೂರಿಗೆ ಹೋದ ಮೇಲೆ ಆ ನೆಪವೂ ಹೋಯಿತು. ನಮ್ಮೂರಲ್ಲಿ ಇಂಥ ಎಷ್ಟು ಮನೆ ಬೇಕು ನಿಮಗೆ? ದೊಡ್ಡ ಮನೆ, ಎರಡು ಜನ, ಒಂದು ಟಿವಿ.

ಮುಂದಿನ ತಿಂಗಳು ಬೇಕಲ ಅಂತ ಇವರು ಹೇಳುತ್ತಿದ್ದಾರೆ. ಕೋಟೆ ಕಟ್ಟಿಸಿದ ಕೆಳದಿಯ ಶಿವಪ್ಪ ನಾಯಕನ ಬಗ್ಗೆ ಈಗಲೇ ಓದಿಕೊಳ್ಳುತ್ತಿರುವುದು ನೋಡಿದರೆ ನನಗೆ ಸ್ವಲ್ಪ ಹೆದರಿಕೆ. ಹೋಗುವುದಾದರೆ ಎರಡು ಕೊಡೆ ತೆಗೆದುಕೊಳ್ಳಬೇಕು. ಮೊನ್ನೆ ಒಂದೇ ಇದ್ದು ಇಬ್ಬರೂ ಅರ್ಧರ್ಧ ಒದ್ದೆ. ಈಗ ಇವರಿಗೆ ನಿಜವಾಗಿಯೂ ಶೀತ.