ಅಣ್ಣನ ಆಸರೆಯನ್ನು ಕಾಗದದಲ್ಲಿ ತೋರಿಸುವುದು ಹೇಗೆ?

ಜರ್ಮನ್ ಪೌರತ್ವ ಪಡೆದ ಅಣ್ಣ ಐರ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ, ಹುಬ್ಬಳ್ಳಿಯಲ್ಲಿರುವ ತಮ್ಮ ಅಲ್ಲಿಗೆ ಹೋಗಿ ಅಣ್ಣನ ಜೊತೆ ನೆಲೆಸಬೇಕೆಂದಿದ್ದಾನೆ ಎಂದುಕೊಳ್ಳಿ. ಒಕ್ಕೂಟದ ನಾಗರಿಕರು ಕುಟುಂಬದೊಡನೆ ಬೇರೆ ಸದಸ್ಯ ದೇಶದಲ್ಲಿ ನೆಲೆಸುವ ಬಗೆಗಿನ ಐರೋಪ್ಯ ಒಕ್ಕೂಟದ ಕಾನೂನಾದ 2004/38 ನಿರ್ದೇಶನದಲ್ಲಿ ಹೆಂಡತಿ-ಮಕ್ಕಳಿಗಿರುವ ನೇರ ಹಕ್ಕು ತಮ್ಮನಿಗಿಲ್ಲ. ಆದರೆ ಅವನು ಅಣ್ಣನನ್ನು ಅವಲಂಬಿಸಿದ್ದರೆ, 3(2)ನೇ ವಿಧಿಯಂತೆ ಅವನ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲೇಬೇಕು, ತಿರಸ್ಕರಿಸಿದರೆ ಕಾರಣ ಕೊಡಲೇಬೇಕು.

ಬಹಳಷ್ಟು ಜನ ಎಡವುವುದು ಅವಲಂಬನೆಯ ಪುರಾವೆಯಲ್ಲಿ. ಐರೋಪ್ಯ ಒಕ್ಕೂಟದ ನ್ಯಾಯಾಲಯದ 2012ರ ರಹಮಾನ್ ತೀರ್ಪಿನ ಪ್ರಕಾರ, ಅರ್ಜಿ ಹಾಕುವಾಗ ತಮ್ಮನು ಹೊರಟು ಬರುವ ದೇಶದಲ್ಲೇ ಅವಲಂಬನೆ ಇರಬೇಕು. ಹಬ್ಬಕ್ಕೆ ಕಳಿಸಿದ ದುಡ್ಡು ಸಾಲದು. ಪ್ರತಿ ತಿಂಗಳ ಬ್ಯಾಂಕ್ ವರ್ಗಾವಣೆಯ ಜೊತೆಗೇ ಅದೇ ತಿಂಗಳ ಬಾಡಿಗೆ ರಸೀದಿ, ಕರೆಂಟ್ ಬಿಲ್, ಔಷಧಿ ಚೀಟಿ ಜೋಡಿಸಿಡಿ. ಊರಿಗೆ ಬಂದಾಗ ಕೈಗಿತ್ತ ನಗದು ಎಷ್ಟೇ ದೊಡ್ಡದಿರಲಿ, ಕಡತದಲ್ಲಿ ಕಾಣುವುದಿಲ್ಲ. ಬೇಸರದ ಮಾತು, ಆದರೆ ನಿಜ. ಇಬ್ಬರ ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು, ಇನಿಷಿಯಲ್ ಬೇರೆಬೇರೆ ಇದ್ದರೆ ಅದನ್ನು ಮೊದಲು ಸರಿಮಾಡಿಸಿ.