ಅಟ್ರೋಪಿನ್ ‘ಮೂರು’ ಅಂದ್ರೆ ಎಷ್ಟು?

ಕೋಲಾರ, 8 ಜುಲೈ 2025, ಮಂಗಳವಾರ ರಾತ್ರಿ

ನಾಳೆ ನರ್ಸಿಂಗ್ ಮೂರನೇ ವರ್ಷದವರ ಸಿಮ್ಯುಲೇಷನ್, ಅಂದರೆ ಬೊಂಬೆಯನ್ನೇ ರೋಗಿ ಮಾಡಿ ಅಭ್ಯಾಸ. ಕೇಸ್ ಶೀಟ್ ಬರೆದಾಯ್ತು. ಶ್ರೀನಿವಾಸಪುರದ ಕಡೆಯವನು, 34 ವರ್ಷ, ಟೊಮೇಟೊ ತೋಟಕ್ಕೆ ಔಷಧಿ ಹೊಡೆಯುತ್ತಿದ್ದವನು ಅಲ್ಲೇ ಕುಸಿದಿದ್ದಾನೆ. ಆರ್ಗನೋಫಾಸ್ಫೇಟ್ ಕೀಟನಾಶಕದ ವಿಷ; ಅದಕ್ಕೆ ಕೊಡುವ ಚುಚ್ಚುಮದ್ದು ಅಟ್ರೋಪಿನ್. ಬೊಂಬೆಗೆ ನಾಡಿ 52, ಬಿಪಿ 90/60, ಉಸಿರು 30, ಆಮ್ಲಜನಕದ ಸ್ಯಾಚುರೇಷನ್ 86. ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಬಾಯಿಗೆ ಸೋಪಿನ ನೊರೆ.

ಪಕ್ಕದ ಕೋಣೆಯಲ್ಲಿ ಫೋನ್ ಹಿಡಿದು ಡ್ಯೂಟಿ ಡಾಕ್ಟರ್. ಆ ಪಾತ್ರಕ್ಕೆ ಹೌಸ್ ಸರ್ಜನ್ ಆದರೇ ಚೆಂದ; ನರ್ಸಿಂಗ್ ಮೇಡಂ ದನಿ ಕೇಳಿದ ಕೂಡಲೇ ಹುಡುಗಿಯರು ವೈವಾಕ್ಕೆ ಉತ್ತರ ಹೇಳುವ ಹಾಗೆ ಮಾತಾಡುತ್ತಾರೆ. ಡಾಕ್ಟರಿಗೆ ಕೊಟ್ಟಿರುವ ಸೂಚನೆ ಒಂದೇ: ‘ಅಟ್ರೋಪಿನ್ ಮೂರು ಕೊಡಿ’ ಅಂದು ಫೋನ್ ಇಡಲು ಹೋಗಬೇಕು.

ಎಡವೋದು ಇಲ್ಲೇ. ನಮ್ಮಲ್ಲಿ ಸಿಗುವ ಪುಟ್ಟ ಗಾಜಿನ ಆಂಪೂಲ್‌ನಲ್ಲಿ 0.6 ಮಿ.ಗ್ರಾಂ. ಮೂರು ಮಿಲಿಗ್ರಾಂ ಅಂದರೆ ಐದು ಆಂಪೂಲ್. ಮೂರು ಆಂಪೂಲ್ ಅಂದರೆ 1.8 ಮಿಲಿಗ್ರಾಂ. ಮೊದಲ ಡೋಸಿಗೆ ಎರಡೂ ನಡೆಯುತ್ತವೆ, ಹಾಗಾಗಿ ಯಾರಿಗೂ ಅನುಮಾನ ಬರಲ್ಲ. ಆದರೆ ಎದೆಯ ಗೊರಗೊರ ನಿಲ್ಲುವವರೆಗೆ ಐದೈದು ನಿಮಿಷಕ್ಕೆ ದುಪ್ಪಟ್ಟು ಮಾಡಬೇಕಲ್ಲ. ಮೂರನೇ ಡೋಸಿನ ಹೊತ್ತಿಗೆ ಡಾಕ್ಟರ ಲೆಕ್ಕದಲ್ಲಿ ಒಟ್ಟು 21 ಮಿ.ಗ್ರಾಂ, ರೋಗಿಯ ಮೈಯಲ್ಲಿ 12.6. ‘ಇಷ್ಟು ಕೊಟ್ಟರೂ ಅಟ್ರೋಪಿನ್ ಹತ್ತುತ್ತಿಲ್ಲ’ ಅಂತ ಅವರು ಬೇರೆ ಕಾರಣ ಹುಡುಕಲು ಹೊರಡುತ್ತಾರೆ.

ಉಳಿಸುವುದು ಮರಳಿ ಓದಿ ಹೇಳುವ ಒಂದು ವಾಕ್ಯ: ‘ಅಟ್ರೋಪಿನ್ ಮೂರು ಮಿಲಿಗ್ರಾಂ, 0.6ರ ಐದು ಆಂಪೂಲ್, ಐವಿ, ಈಗಲೇ. ಸರಿನಾ ಡಾಕ್ಟ್ರೇ?’ ಅತ್ತಲಿಂದ ‘ಹೌದು’ ಬರುವವರೆಗೆ ಫೋನ್ ಇಡುವಂತಿಲ್ಲ. ‘ಆಯ್ತು ಸರ್’ ಅನ್ನುವುದು ಮರಳಿ ಓದಿದ ಹಾಗಲ್ಲ.

ಎಸ್‌ಬಿಎಆರ್ (ಡಾಕ್ಟರಿಗೆ ವಿಷಯ ಹೇಳುವ ಕ್ರಮ: ಪರಿಸ್ಥಿತಿ, ಹಿನ್ನೆಲೆ, ಅಂದಾಜು, ಸಲಹೆ; ಇಂಗ್ಲಿಷ್ ಪದಗಳ ಮೊದಲಕ್ಷರ) ಎಲ್ಲರಿಗೂ ಬಾಯಿಪಾಠ. ಅಮೆರಿಕದ ಅಣು ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ ಅಂತಲೂ ಬರೆಯುತ್ತಾರೆ, ಅಂಕವೂ ಬರುತ್ತೆ. ಫೋನಿನಲ್ಲಿ ಮಾತ್ರ ‘ಸರ್, ಪೇಷೆಂಟ್ ತುಂಬಾ ಸೀರಿಯಸ್ಸು ಸರ್’ ಅಂತ ಶುರು. ಪರಿಸ್ಥಿತಿ ಅಂದರೆ ಯಾವ ವಾರ್ಡು, ಯಾರು, ಏನಾಗಿದೆ; ಹತ್ತು ಸೆಕೆಂಡು ಸಾಕು. ಹಿನ್ನೆಲೆಯಲ್ಲಿ ಊರು, ಬಸ್ಸು, ಜೊತೆಗೆ ಬಂದ ಭಾವಮೈದ ಎಲ್ಲ ಬರುತ್ತಾರೆ, ಯಾವ ಔಷಧಿ, ಎಷ್ಟು ಹೊತ್ತಾಯಿತು ಅನ್ನುವುದೇ ಬರಲ್ಲ. (ಡಬ್ಬಿ ಭಾವಮೈದನ ಚೀಲದಲ್ಲೇ ಇರುತ್ತೆ, ಕೇಳಿದವರಿಗೆ ಮಾತ್ರ ಕೊಡಬೇಕು.) ಅಂದಾಜು ಹೇಳಲು ನಾಚಿಕೆ. ಕೊನೆಯ ಆರ್ ಬಂದಾಗ ನಾಲಿಗೆಯೇ ಕಟ್ಟುತ್ತೆ: ಡಾಕ್ಟರಿಗೆ ನಾನು ಸಲಹೆ ಕೊಡೋದಾ? ಸಲಹೆ ಅಂತ ಕನ್ನಡ ಮಾಡಿದ್ದೇ ತಪ್ಪೇನೋ. ಬೇಕಾದದ್ದನ್ನು ಕೇಳು ಅಂದರೆ ಕೇಳುತ್ತಾರೆ: ‘ಸ್ಯಾಚುರೇಷನ್ ಏರುತ್ತಿಲ್ಲ, ಉಸಿರಿಗೆ ಟ್ಯೂಬ್ ಹಾಕಬೇಕಾಗಬಹುದು, ಈಗಲೇ ಬರ್ತೀರಾ?’

ಆಟ 12 ನಿಮಿಷ, ಆಮೇಲಿನ ಮಾತುಕತೆ 25. ಉಲ್ಟಾ ಮಾಡಿದರೆ ಬರೀ ನಾಟಕ. ‘ಯಾಕೆ ಕೇಳಲಿಲ್ಲ’ ಅಂದರೆ ತಲೆ ತಗ್ಗಿಸುತ್ತಾರೆ. ‘ಫೋನ್ ಇಟ್ಟಾಗ ಮೂರು ಅಂದರೆ ಏನು ಅಂದುಕೊಂಡಿದ್ದೆ?’ ಅಂದರೆ ಬಾಯಿ ಬಿಡುತ್ತಾರೆ.

ನೀರಿನ ಆಂಪೂಲ್ 35 ಬೇಕು, ಮೂರು ಡೋಸಿಗೆ: ಐದು, ಹತ್ತು, ಇಪ್ಪತ್ತು. ಒಂದೊಂದರ ಮೇಲೂ ‘ಅಭ್ಯಾಸಕ್ಕೆ ಮಾತ್ರ’ ಚೀಟಿ. ವಾರ್ಡಿನ ಟ್ರಾಲಿಗೆ ಅದರಲ್ಲಿ ಒಂದು ಸೇರಿದರೂ ಮುಗೀತು. ಒಡೆದವನ್ನು ಎಸೆಯದೆ ಕಿಡ್ನಿ ಟ್ರೇಯಲ್ಲೇ ಇಡಿಸಬೇಕು, ಕೊನೆಗೆ ಅವರೇ ಎಣಿಸಲಿ. ಟ್ರೇಯಲ್ಲಿ ಮೂರು, ಚಾರ್ಟ್‌ನಲ್ಲಿ 3 ಮಿ.ಗ್ರಾಂ ಅಂತ ಬಂದರೆ...